ಇಪ್ಪತ್ತನಾಲ್ಕು ಸುತ್ತಿನ ದಾಖಲೆ

1

ಮೊದಲೇ ತಪ್ಪೊಪ್ಪಿಕೊಳ್ಳುತ್ತೇನೆ: ಬಸ್ಸು ಹಿಡಿಯಲೂ ಓಡದ ನಾನು ಒಬ್ಬ ಓಟಗಾರ್ತಿಯ ಕಥೆ ಬರೆಯಲು ಕೂತಿರುವುದು ಅಧಿಕಪ್ರಸಂಗ. ಮನ್ನಿಸಬೇಕು. ಎಲ್ಲಿಂದ ಶುರು ಮಾಡಲಿ? ಪದಕದಿಂದಲೋ, ಸಚಿವೆಯ ಕುರ್ಚಿಯಿಂದಲೋ? (ಪದಕದಿಂದ ಶುರುವಾದ ಡ್ರಾಫ್ಟನ್ನು ಹರಿದು ಹಾಕಿದೆ. ಅದು ಚುನಾವಣೆಯ ಕರಪತ್ರದಂತಿತ್ತು.)

2

ಕುರ್ಚಿಯಿಂದಲೇ ಆಗಲಿ. ಕ್ರೀಡಾ ಸಚಿವೆಯ ಕೋಣೆ. ಮತದಾನಕ್ಕೆ ಇನ್ನು ಆರು ದಿನ. ಎದುರು ಕೂತವಳು ಕೋಚ್. ಹತ್ತೊಂಬತ್ತು ವರ್ಷದ ಹಿಂದೆ ಇದೇ ಸಚಿವೆಯ ಬೆನ್ನು ನೋಡುತ್ತ ಎರಡನೆಯವಳಾಗಿ ಗುರಿ ಮುಟ್ಟಿದವಳು. ಹತ್ತು ಸಾವಿರ ಮೀಟರಿನ, ಅಂದರೆ ಇಪ್ಪತ್ತೈದು ಸುತ್ತಿನ, ಆ ಓಟದ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. ತಂಡದ ಆಯ್ಕೆಗೂ ಅದೇ ಅಳತೆಗೋಲು. ಆ ಸಮಯದ ಹತ್ತಿರವೂ ಸುಳಿಯಲಾಗದೆ, ತಮ್ಮ ಕಾಲನ್ನೇ ಶಪಿಸಿಕೊಂಡು, ಹನ್ನೊಂದು ಹುಡುಗಿಯರು ಓಟ ಬಿಟ್ಟರೆಂದು ಕೋಚ್ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು.

“ನಿಜ ಹೇಳೇ. ಅವತ್ತು ಕೊನೆ ಸುತ್ತಿನ ಗಂಟೆ ಒಂದು ಸುತ್ತು ಮುಂಚೆನೇ ಹೊಡೆದ್ರು ಅಲ್ವಾ? ನಾನು ಎಣಿಸಲಿಲ್ಲ. ನೀನು ಎಣಿಸ್ತಿದ್ದೆ.”

ಎಣಿಸುತ್ತಿದ್ದಳು. ಹೆಣ್ಣಿಗೆ ಓಟ ಯಾಕೆ ಎಂದು ಹಂಗಿಸಿದ ಇಪ್ಪತ್ತೈದು ಜನರನ್ನು ಸುತ್ತಿಗೊಬ್ಬರಂತೆ ಮನಸ್ಸಿನಲ್ಲೇ ಹಿಂದೆ ಹಾಕುತ್ತ ಓಡುವುದು ಅವಳ ಪದ್ಧತಿ. ನೆರೆಮನೆಯವರಿಂದ ಶುರುವಾಗಿ ದೊಡ್ಡಪ್ಪನಲ್ಲಿ ಮುಗಿಯಬೇಕು. ಅವತ್ತು ಸೋದರತ್ತೆಯ ಸುತ್ತಿಗೇ ಓಟ ಮುಗಿಯಿತು. ದೊಡ್ಡಪ್ಪ ಉಳಿದೇ ಹೋದ.

“ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ?”

“ಮತ್ತೆ ಓಡಿಸ್ತಿದ್ರು. ಕಾಲಲ್ಲಿ ಏನೂ ಉಳಿದಿರಲಿಲ್ಲ ಕಣೆ.”

3

ಈ ಮಾತು ಕಿವಿಗೆ ಬಿದ್ದದ್ದೇ ಪಕ್ಷದ ಕಾರ್ಯದರ್ಶಿ ಓಡೋಡಿ ಬಂದ. ಊರ ಗೋಡೆಗಳ ಮೇಲೆಲ್ಲ ಆ ದಾಖಲೆಯೇ ಇದೆ, ಚುನಾವಣೆ ಮುಗಿಯಲಿ, ಆಮೇಲೊಂದು ಸಮಿತಿ ಮಾಡೋಣ ಎಂದ. ಸಮಿತಿಯೆಂದರೆ ಏನೆಂದು ಸಚಿವೆಗೆ ಗೊತ್ತು. ಅಂಥವನ್ನು ಅವಳೇ ಏಳು ಮಾಡಿದ್ದಳು.

ಅಂತ್ಯ (ಅ): ಅವಳು ಸುಮ್ಮನಿದ್ದಳು. ಗೆದ್ದಳು. ಒಳಗೊಳಗೇ ಕೊರಗಿ...

ಇಲ್ಲಿಗೆ ಸಚಿವೆ ಕಥೆಯೊಳಗಿಂದಲೇ ಕೈ ಚಾಚಿ ನನ್ನ ಪೆನ್ನು ಹಿಡಿದು ನಿಲ್ಲಿಸಿದಳು.

“ಸ್ವಾಮಿ, ಭಯ ನಿಮ್ಮದು. ನನ್ನ ತಲೆಗೆ ಯಾಕೆ ಕಟ್ತೀರಿ?”

ಲೋಕ ಇರುವುದೇ ಹೀಗೆ ತಾಯಿ, ಓದುಗರು ನಂಬಬೇಕಲ್ಲ ಎಂದು ಗೋಗರೆದೆ.

“ಇಪ್ಪತ್ತನಾಲ್ಕನ್ನ ಇಪ್ಪತ್ತೈದು ಅಂತ ನಂಬಿದ ಜನ. ಇದನ್ನ ನಂಬಲ್ವಾ?”

ಅಂತ್ಯ (ಆ): ಕೋಚ್ ಪತ್ರಿಕೆಯವರಿಗೆ ಹೇಳುತ್ತಾಳೆ. (ಕೋಚ್ ಒಪ್ಪಲಿಲ್ಲ. ಚಾಡಿ ಹೇಳುವ ಕೆಲಸ ತನಗೆ ಬೇಡ, ಬಂದರೆ ಅವಳ ಬಾಯಿಂದಲೇ ಬರಲಿ ಎಂದಳು. ನನಗೆ ಅವಮಾನವಾಯಿತು.)

4 (ಇದು ಅವಳೇ ಬರೆಸಿದ್ದು, ನಾನು ಕಾಗುಣಿತ ತಿದ್ದಿದೆನಷ್ಟೆ)

ಮರುದಿನದ ಬಹಿರಂಗ ಸಭೆ. ಕಾರ್ಯದರ್ಶಿ ಮೈಕಿನ ತಂತಿ ಕೀಳುವಷ್ಟರಲ್ಲಿ ಅವಳು ಹೇಳಿ ಮುಗಿಸಿದ್ದಳು.

“ನನ್ನ ದಾಖಲೆ ಸುಳ್ಳು. ನಾನು ಓಡಿದ್ದು ಇಪ್ಪತ್ತನಾಲ್ಕೇ ಸುತ್ತು, ಅವತ್ತೇ ಗೊತ್ತಿತ್ತು. ಓಟ ಬಿಟ್ಟ ಹುಡುಗೀರು ಸೋತಿಲ್ಲ. ಆಯ್ಕೆಯ ಆ ಟೈಮು ರದ್ದು ಅಂತ ಬೆಳಿಗ್ಗೆ ಸಹಿ ಹಾಕಿದೀನಿ. ವೋಟು ಹಾಕೋದು ಬಿಡೋದು ನಿಮಗೆ ಸೇರಿದ್ದು.”

ಇಲ್ಲಿ ಚಪ್ಪಾಳೆ ಹಾಕಿಸಲು ಕೈ ತುರಿಸುತ್ತಿದೆ. ಹಾಕಿಸುವುದಿಲ್ಲ. ಅವಳು ಗೆದ್ದಳೇ, ಗೊತ್ತಿಲ್ಲ. ಆ ಹನ್ನೊಂದು ಜನರಲ್ಲಿ ಒಬ್ಬಳ ಕಿವಿಗಾದರೂ ಆ ಮಾತು ಬಿತ್ತೇ? ಅದೂ ನನಗೆ ಗೊತ್ತಿಲ್ಲ.