ಎರಡು ಸಾಲು ಹಿಂದೆ

"ಉಂಗುರ ಪೂರ್ತಿ ಹಿಂದಕ್ಕೆ ತಿರುಗಿಸು. ಮತ್ತೆ ಮೊದಲಿಂದ ಹಿಡಿ," ಎಂದ ಓಟ್ಮಾರ್.

"ನಾಲ್ಕು ಸಲ ಆಯ್ತಲ್ಲೋ ರಾಕ್ಷಸ!"

"ಒಂದು ಲೆನ್ಸಿಗೆ ಐದು ಸಲ, ಮೂರಕ್ಕೆ ಹದಿನೈದು. ಹತ್ತು ವರ್ಷ ಲೆನ್ಸ್ ಕಾರ್ಖಾನೇಲಿ ಗಾಜು ಉಜ್ಜಿದವಳು ನೀನು, ಇಷ್ಟು ತಾಳ್ಮೆ ಇಲ್ವಾ?"

ಗುಡ್ರುನ್ ಗೊಣಗುತ್ತಲೇ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟಳು. ವೆಟ್ಜ್ಲಾರ್ ಊರಿನ ಹಳೇ ಸೇತುವೆಯ ಪಕ್ಕದ ಓಟ್ಮಾರನ ಕ್ಯಾಮೆರಾ ರಿಪೇರಿ ಅಂಗಡಿಯಲ್ಲಿ, ಒಂದು ಮೀಟರ್ ದೂರಕ್ಕೆ ಹಿಂದಕ್ಕೆ ಓರೆಯಾಗಿ ಇಟ್ಟ ಹಲಗೆಯ ಮೇಲೆ ಪತ್ರಿಕೆಯ ಹಾಳೆ. ನಡುವಿನ ಸಾಲಿನಡಿ ಒಂದು ಕೆಂಪು ಗೆರೆ. ಕಿಂಡಿಯಲ್ಲಿ ಅದು ಎರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸಿ ಎರಡನ್ನೂ ಕೂಡಿಸಿ ಗುಂಡಿ ಒತ್ತಬೇಕು; ಆಗ ಚಿತ್ರದಲ್ಲಿ ಆ ಸಾಲೇ ಸ್ಪಷ್ಟವಾಗಿ ಬರಬೇಕು.

ಇಪ್ಪತ್ತಾರು ವರ್ಷಗಳಿಂದ ಊರಿನ ಶಾಲೆಯ ಮೊದಲ ದಿನ, ಅಲ್ಲಿನ ರೂಢಿಯಂತೆ ಮಿಠಾಯಿ ತುಂಬಿದ ಕಾಗದದ ಕೊಂಬನ್ನು ತಬ್ಬಿ ನಿಲ್ಲುವ ಮಕ್ಕಳ ಚಿತ್ರ ತೆಗೆಯುತ್ತ ಬಂದವಳು ಗುಡ್ರುನ್. ಈ ವಸಂತದಿಂದ ತೆಗೆದದ್ದೆಲ್ಲ ಮಸುಕು. ಮನೆಯ ಗೋಡೆಗೆ ಪತ್ರಿಕೆ ಅಂಟಿಸಿ ಪರೀಕ್ಷೆ ಮಾಡಿದ್ದಳು. ನೆಟ್ಟಗೆ ಅಂಟಿಸಿದ ಹಾಳೆ ಇಡಿಯಾಗಿ ಮಸುಕಾಗಿ ಬಂದು ಭಯ ಇನ್ನಷ್ಟು ಗಟ್ಟಿಯಾಯಿತು. ಅವಳ ತಾಯಿಗೂ ಇದೇ ವಯಸ್ಸಿಗೆ, ಅರವತ್ತಮೂರಕ್ಕೇ, ಕಣ್ಣು ಮಂಜಾಗಿದ್ದು. ಡಾಕ್ಟರ ಬಳಿ ಹೋಗಲು ಹೆದರಿ ಹಳೇ ಗೆಳೆಯನಾದ ಈ ರಿಪೇರಿಯವನ ಬಳಿ ಬಂದಿದ್ದಳು. ಚೀಲದಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಬರೆದ ಕಾಗದವಿತ್ತು. ಅಂಚೆಗೆ ಹಾಕುವುದೊಂದೇ ಬಾಕಿ.

"ನನಗೇ ನಾಚಿಕೆ ಕಣೋ," ಎಂದಳು, ಕೊನೆಯ ಲೆನ್ಸ್ ಹಾಕುತ್ತ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಓಟ್ಮಾರ್ ಕ್ಯಾಮೆರಾದಿಂದ ಫಿಲ್ಮ್ ತೆಗೆದು ಹಿಂದಿನ ಕತ್ತಲೆ ಕೋಣೆಗೆ ಹೋದ. ಫಿಲ್ಮ್ ತೊಳೆದು ತಂದು, ಒದ್ದೆಯಾಗಿದ್ದಂತೆಯೇ ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಒಂದೊಂದೇ ಚಿತ್ರ ನೋಡಿದ.  ಅವನು ಮಾಡಿಕೊಟ್ಟ ಕಾಫಿಯನ್ನು ಗುಡ್ರುನ್ ಮುಟ್ಟಿರಲಿಲ್ಲ.

"ಅದೇನು ಹೇಳಿಬಿಡೋ."

"ಹದಿನೈದೂ ತಪ್ಪು."

ಅವಳು ಕುರ್ಚಿಯಲ್ಲಿ ಕೂತು ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಪೂರ್ತಿ ಕೇಳೇ. ಹದಿನೈದರಲ್ಲೂ ಸ್ಪಷ್ಟವಾಗಿ ಬಂದಿರೋದು ಕೆಂಪು ಗೆರೆಗಿಂತ ಎರಡು ಸಾಲು ಹಿಂದಿಂದು. ಮೂರು ಲೆನ್ಸಲ್ಲೂ ಅಷ್ಟೇ. ಕಣ್ಣು ಕೆಟ್ಟಿದ್ರೆ ಒಂದ್ಸಲ ಮುಂದೆ, ಒಂದ್ಸಲ ಹಿಂದೆ ಹೋಗ್ತಿತ್ತು. ನೀನು ಎಲ್ಲಾನೂ ಒಂದೇ ಕಡೆ ಹೊಡೆದಿದ್ದೀಯ. ನನ್ನ ಕೈಲೂ ಇಷ್ಟು ಆಗಲ್ಲ." ಅವನು ಕ್ಯಾಮೆರಾ ಎತ್ತಿಕೊಂಡ. "ಇದನ್ನ ಸೈಕಲ್ ಬುಟ್ಟೀಲಿ ಹಾಕ್ಕೊಂಡು ಕಲ್ಲು ಹಾಸಿದ ಬೀದೀಲೆಲ್ಲ ಕುಣಿಸ್ತೀಯಲ್ಲ, ದೂರ ಅಳೆಯೋ ಒಳಗಿನ ತಿರುಪು ಜರುಗಿದೆ. ಈ ಸಲ ನೆಲಾನೇ ಡೊಂಕು ಕಣೇ."

ಗುಡ್ರುನ್ ನಗಲು ಹೋಗಿ ಅತ್ತಳು. ಓಟ್ಮಾರ್ ತಿರುಪುಳಿ ಹುಡುಕುವ ನೆವದಲ್ಲಿ ಬೆನ್ನು ತಿರುಗಿಸಿ ನಿಂತ.

ತಿರುಪು ಸರಿಮಾಡಿದ ಮೇಲೆ ಇನ್ನೊಮ್ಮೆ ಪರೀಕ್ಷೆಯಾಗಬೇಕಿತ್ತು. ಗುಡ್ರುನ್ ಎದ್ದು ಹಲಗೆಯ ಮೇಲಿನ ಪತ್ರಿಕೆ ಕಿತ್ತಳು. ಚೀಲದಿಂದ ಕಾಗದ ತೆಗೆದು, ಬಿಡಿಸಿ, ಅಲ್ಲಿಗೆ ಚುಚ್ಚಿದಳು.

"ಅದೇನೇ ಅದು?"

"ಗುರಿ ಹಿಡಿಯೋಕೆ ಒಂದು ಗೆರೆ ಇದ್ರೆ ಸಾಕಲ್ವಾ ನಿಂಗೆ?"

ಉಂಗುರ ತಿರುಗಿಸಿ, ಎರಡಾಗಿ ಕಂಡ ತನ್ನದೇ ಸಹಿಯನ್ನು ಒಂದಾಗಿ ಕೂಡಿಸಿದಳು. ಒತ್ತಿದಳು.

ಸಂಜೆಯ ಹೊತ್ತಿಗೆ ಆ ಫಿಲ್ಮ್ ಕ್ಲಿಪ್ಪಿಗೆ ಸಿಕ್ಕಿ ಕಿಟಕಿಯಲ್ಲಿ ನೀರು ಸುರಿಸುತ್ತ ತೂಗುತ್ತಿತ್ತು. ನೆಗೆಟಿವಿನ ಕಪ್ಪು ಕಾಗದದ ಮೇಲೆ ಅವಳ ಹೆಸರು ಸೂಜಿಯಲ್ಲಿ ಗೀರಿದಷ್ಟು ಬೆಳ್ಳಗೆ ಮೂಡಿತ್ತು. ಅದಕ್ಕಿಂತ ಎರಡು ಸಾಲು ಹಿಂದೆ ಮಸುಕಾಗಿ ಉಳಿದ 'ಈ ವರ್ಷ ನಾನು ಬರುವುದಿಲ್ಲ' ಎಂಬ ಸಾಲನ್ನು ಓದಲು ಯಾರಿಂದಲೂ ಆಗುತ್ತಿರಲಿಲ್ಲ.