ತಾಯಿಯ ಕಲ್ಲಿಗೆ ಮೊದಲ ಸಹಿ

"ಮೊದಲ ಸಹಿ ನಿಮ್ದೇ ಆಗ್ಬೇಕು ಮೇಡಂ. ಒಡಹುಟ್ಟಿದವರ ಸಹಿಗೆ ತೂಕಾನೇ ಬೇರೆ," ಎನ್ನುತ್ತ ಪ್ರೊಫೆಸರ್ ಬ್ಯುಸಿಯೆರ್ ಓದೀಲ್‌ಳ ಮೂಗಿನಡಿಗೇ ಹಾಳೆ ಹಿಡಿದ. ಶವಪೆಟ್ಟಿಗೆ ಇಳಿಸುವ ಹಗ್ಗ ಇನ್ನೂ ಆಳುಗಳ ಕೈಯಲ್ಲೇ ಇತ್ತು.

"ಅಣ್ಣ ಇನ್ನೂ ಕೆಳಗೆ ಮುಟ್ಟಿಲ್ಲ ಪ್ರೊಫೆಸರೇ."

"ಸಂಜೆ ಪತ್ರಿಕೆಗೆ ಹನ್ನೊಂದರೊಳಗೆ ತಲುಪಿಸ್ಬೇಕು. ಅದಕ್ಕೇ ಅವಸರ."

ಪ್ಯಾರಿಸ್ಸಿನ ಮೊಂಪಾರ್ನಾಸ್ ಸ್ಮಶಾನದಲ್ಲಿ ಇನ್ನೂರು ಜನ ಸೇರಿದ್ದರು. ಎಲ್ಲರ ಕೊರಳಲ್ಲೂ ಕಪ್ಪು ಮಫ್ಲರ್, ಎಲ್ಲರ ಜೇಬಲ್ಲೂ ಪೆನ್ನು. ಲೋಕದ ಯಾವ ಅನ್ಯಾಯಕ್ಕೂ ಒಂದು ಮನವಿ ಬರೆದು ಕೆಳಗೆ ಹೆಸರು ಹಾಕುವ ಜನ. ಸತ್ತವನು, ಚಿಂತಕ ಬರ್ತ್ರಾಂ ದೆಲ್ಮೊತ್, ಅವರಿಗೆಲ್ಲ ಗುರು. ನಲವತ್ತು ವರ್ಷ ಮುಂದಿಟ್ಟ ಹಾಳೆಗೆಲ್ಲ ಸಹಿ ಹಾಕಿದ್ದ, ಒಂದನ್ನೂ ಓದಿರಲಿಲ್ಲ. "ಓದ್ತಾ ಕೂತ್ರೆ ಅಷ್ಟರಲ್ಲಿ ಸರ್ಕಾರವೇ ಬಿದ್ದಿರುತ್ತೆ," ಎಂದು ನಗುತ್ತಿದ್ದ.

ಓದೀಲ್ ಓದಿದಳು. ರೂಬೆ ಊರಿನ ತಾಯಿಯ ಮನೆಯ ಬಾಗಿಲ ಮೇಲೆ ನಗರಸಭೆ ಒಂದು ಕಲ್ಲು ಕೂರಿಸಬೇಕಂತೆ. ಅದರಲ್ಲಿ ಹೀಗೆ ಕೆತ್ತಬೇಕಂತೆ: 'ಬರ್ತ್ರಾಂ ದೆಲ್ಮೊತ್ ಅವರ ತಾಯಿ, ಬಡ ನೇಕಾರ ಮಹಿಳೆ, ಮೂವತ್ತೊಂದನೆಯ ವಯಸ್ಸಿನಲ್ಲಿ ಮಗ್ಗದ ಮುಂದೆಯೇ ಪ್ರಾಣಬಿಟ್ಟರು.'

ತಾಯಿಯ ಹೆಸರೇ ಇರಲಿಲ್ಲ. ಆ ಮನೆಯಲ್ಲಿ ಈಗ ಇರುವವಳು ಓದೀಲ್. ಇನ್ನು ಹಾಲು ತರಲು ಹೊರಟರೂ ಆ ಸುಳ್ಳಿನ ಕೆಳಗೇ ನುಸುಳಬೇಕು.

\*

ತಾಯಿಯನ್ನು ಮಗ್ಗದ ಮುಂದೆ ಸಾಯಿಸಿದ ಬರ್ತ್ರಾಂನ ಆತ್ಮಕಥೆ ಬಂದಾಗ ತಾಯಿ ಲೆಯೊನಿಗೆ ಐವತ್ತಾರು. ಮಗ್ಗ ಮುಟ್ಟಿದವಳೇ ಅಲ್ಲ. ರೂಬೆ ಸ್ಟೇಷನ್ನಿನ ಎದುರು ತಗಡಿನ ಗೂಡಂಗಡಿಯಲ್ಲಿ ಆಲೂಗಡ್ಡೆ ಕರಿದು ಮಾರುತ್ತಿದ್ದಳು. ಮಗನನ್ನು ಓದಿಸಿದ್ದು ಆ ಬಾಣಲೆಯೇ. ಓದೀಲ್ ಅಂಗಡಿಯ ಸ್ಟೂಲಿನ ಮೇಲೆ ಕೂತು ತಾಯಿಯ ಸಾವಿನ ಅಧ್ಯಾಯವನ್ನು ಗಟ್ಟಿಯಾಗಿ ಓದಿ ಹೇಳಿದಳು.

ಲೆಯೊನಿ ಜಾಲರಿ ಹಿಡಿದು ಬಿದ್ದು ಬಿದ್ದು ನಕ್ಕಳು. "ಅಬ್ಬಬ್ಬಾ, ಎಷ್ಟು ಚೆನ್ನಾಗಿ ಸತ್ತಿದ್ದೀನೇ! ಎಣ್ಣೆ ವಾಸನೆ ಬಗ್ಗೆ ಬರ್ದಿಲ್ವಾ?"

"ಇಲ್ಲ."

"ಅವನಿಗೆ ಅದು ಮೊದ್ಲಿಂದಲೂ ಆಗ್ತಿರ್ಲಿಲ್ಲ. ನನ್ನ ಹೆಸರು?"

"ಅದೂ ಇಲ್ಲಮ್ಮ."

ನಗು ನಿಂತಿತು. ಜಾಲರಿಯಿಂದ ಎಣ್ಣೆ ಸೋರುತ್ತಿತ್ತು. "ಸಾಯಿಸೋವಾಗ ಹೆಸರಾದ್ರೂ ಹಾಕ್ಬಾರ್ದಿತ್ತಾ," ಎಂದಳು.

ಆಮೇಲೆ ಮೂವತ್ತು ವರ್ಷ ಬರ್ತ್ರಾಂ ರೂಬೆಯ ಕಡೆ ತಲೆ ಹಾಕಲಿಲ್ಲ. ತಾಯಿ ಸತ್ತ ಮಗ ಯಾರನ್ನು ನೋಡಲು ಬರಬೇಕು? ಅವಳು ನಿಜವಾಗಿ ಸತ್ತಾಗ ಮಣ್ಣಿಗೂ ಬರಲಿಲ್ಲ. ಅದೇ ವಾರ ಟೀವಿಯಲ್ಲಿ ಕೂತು, ಕಾರ್ಮಿಕ ತಾಯಂದಿರ ಮೌನದ ಬಗ್ಗೆ ಕಣ್ಣು ಒದ್ದೆ ಮಾಡಿಕೊಂಡು ಮಾತಾಡಿದ. ಓದೀಲ್ ನೋಡುತ್ತಲೇ ಟೀವಿ ಆರಿಸಿದ್ದಳು.

\*

"ಥೂ! ಹರಿದು ಬಿಸಾಕೇ ಅದನ್ನ," ಎಂದು ಪಕ್ಕದಲ್ಲಿದ್ದ ಜಿನೆತ್ ಪಿಸುಗುಟ್ಟಿದಳು. ರೂಬೆಯಲ್ಲಿ ಪಕ್ಕದ ಮನೆಯವಳು, ಬೆಳಗಿನ ರೈಲಿನಲ್ಲಿ ಜೊತೆಗೆ ಬಂದವಳು. "ಲೆಯೊನಕ್ಕನ ಕೈಯ ಆಲೂಗಡ್ಡೆ ತಿಂದು ಬೆಳೆದ ಮೈ ಕಣೇ ನಂದು. ಮಗ್ಗವಂತೆ, ಮಣ್ಣಂತೆ!"

"ಹರಿದ್ರೆ ಇನ್ನೊಂದು ಬರೀತಾರೆ. ಇವರಿಗೆ ಬೇರೆ ಏನು ಕೆಲಸ?"

"ಹಂಗಾದ್ರೆ ನಿಜ ಕೂಗಿ ಹೇಳು."

"ಹೇಳಿದ್ರೆ, 'ಪಾಪ, ದುಃಖದಲ್ಲಿ ಏನೇನೋ ಮಾತಾಡ್ತಿದ್ದಾಳೆ' ಅಂತಾರೆ."

ಪ್ರೊಫೆಸರ್ ಪೆನ್ನಿನ ಮುಚ್ಚಳ ತೆಗೆದುಕೊಟ್ಟ. "ಹೆಸರು, ವೃತ್ತಿ. ಅಷ್ಟು ಸಾಕು ಮೇಡಂ."

ಓದೀಲ್ ಜಿನೆತ್‌ಳ ಬೆನ್ನ ಮೇಲೆ ಹಾಳೆಯಿಟ್ಟು, ಶಾಲೆಯ ಮಕ್ಕಳ ಹಾಗೆ ದುಂಡಗೆ ಬರೆದಳು: 'ಲೆಯೊನಿ ದೆಲ್ಮೊತ್, ಬರ್ತ್ರಾಂನ ತಾಯಿ. ಆಲೂಗಡ್ಡೆ ಕರಿದು ಮಾರುವವಳು. ಸತ್ತದ್ದು ಎಂಬತ್ತಾರನೆಯ ವಯಸ್ಸಿನಲ್ಲಿ, ಹಾಸಿಗೆಯಲ್ಲಿ.' ಒಂದು ಅಕ್ಷರವೂ ಕೆಡಲಿಲ್ಲ.

ಪ್ರೊಫೆಸರನ ಕಣ್ಣು ಅದರ ಕೆಳಗಿನ ಖಾಲಿ ಸಾಲಿನ ಮೇಲಿತ್ತು. ಇನ್ನೊಬ್ಬರು ಕೈ ಚಾಚುವ ಮೊದಲೇ ಅಲ್ಲಿ ತನ್ನ ಹೆಸರು ಜಡಿದ. ಮೂರನೆಯ ಸಾಲಿಗೆ ಇಬ್ಬರು ಕಿತ್ತಾಡಿದರು. ಹಾಳೆ ಬೆನ್ನಿಂದ ಬೆನ್ನಿಗೆ ಸಾಗಿತು. ಗುಂಡಿಗೆ ಹೂ ಹಾಕಲು ನಿಂತವರೂ ಹೂವನ್ನು ಕಂಕುಳಲ್ಲಿ ಅವುಚಿಕೊಂಡು ಸಹಿ ಹಾಕಿದರು. ಒಬ್ಬರೂ ಮೊದಲ ಸಾಲಿನ ಮೇಲೆ ಕಣ್ಣು ಹಾಯಿಸಲಿಲ್ಲ.

ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಪ್ರೊಫೆಸರ್ ಹಾಳೆಯನ್ನು ಲಕೋಟೆಗಿಳಿಸಿ, ಅಂಚನ್ನು ನಾಲಗೆಯಿಂದ ನೆಕ್ಕಿ ಅಂಟಿಸಿ, ಪತ್ರಿಕೆಯಿಂದ ಬಂದಿದ್ದ ಬೈಕಿನವನ ಕೈಗಿತ್ತ.