ಚೌಕಟ್ಟಿನ ಆಚೆ ಆಡಿದ ಮಾತು

ಸೋಮವಾರ ಬೆಳಿಗ್ಗೆ ಅವನು ನಡುಮನೆಯ ನೆಲದ ಮೇಲೆ ಕೂತು ಮೈಕಿನ ವೈರುಗಳನ್ನು ಒಂದೊಂದಾಗಿ ಒರೆಸಿ ಸುತ್ತಿಡುತ್ತಿದ್ದ. ಸುತ್ತುವುದಕ್ಕೂ ಒಂದು ಕ್ರಮವಿದೆ. ಒಂದು ಸುತ್ತು ಮೇಲಿಂದ, ಮುಂದಿನದು ಕೆಳಗಿಂದ; ಹಾಗೆ ಸುತ್ತಿದರೆ ಬಿಚ್ಚುವಾಗ ಗಂಟು ಬೀಳುವುದಿಲ್ಲ. ಸಾಕ್ಷ್ಯಚಿತ್ರಗಳಿಗೆ ಧ್ವನಿ ಹಿಡಿಯುವ ಕೆಲಸ ಅವನದು, ಇಪ್ಪತ್ತೆರಡು ವರ್ಷದಿಂದ. ಜೊತೆಯವರಿಗೆಲ್ಲ ಅವನು ಕಿವಿಯಣ್ಣ. ಹೆಂಡತಿಯೂ ಒಮ್ಮೊಮ್ಮೆ ಹಾಗೇ ಕರೆದು ಛೇಡಿಸುತ್ತಿದ್ದಳು. ಪಕ್ಕದ ಬೀದಿಯ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತದೆ, ಹೆಂಡತಿ ಕರೆದದ್ದು ಮಾತ್ರ ಕೇಳಿಸುವುದಿಲ್ಲ ಎಂದು.

ಫೋನ್ ಬಂತು. ಹೊಲಿಗೆಯಕ್ಕ. ಹೋದ ವರ್ಷ ಮೂರು ವಾರ ಅವಳ ಮನೆಯಲ್ಲೇ ಚಿತ್ರೀಕರಣ ನಡೆದಿತ್ತು. ಮನೆಯೊಳಗೇ ಹೊಲಿಗೆ ಮಿಷನ್ ಇಟ್ಟುಕೊಂಡು, ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು. ಗಂಡ ದೂರದೂರಿನ ಬಸ್ಸಿನ ಚಾಲಕ, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅವಳು ಇವನನ್ನು ಅಣ್ಣ ಎನ್ನುತ್ತಿದ್ದಳು, ಇವನು ಅವಳನ್ನು ಅಕ್ಕ ಎನ್ನುತ್ತಿದ್ದ. ಇಬ್ಬರಲ್ಲಿ ಯಾರು ದೊಡ್ಡವರು ಎಂದು ತಿಳಿಯುವ ಗೋಜಿಗೆ ಇಬ್ಬರೂ ಹೋಗಿರಲಿಲ್ಲ.

ಭಾನುವಾರ ಸಂಜೆ ನಾಲ್ಕಕ್ಕೆ ಆ ಚಿತ್ರ ಟೀವಿಯಲ್ಲಿ ಬರುವುದು ಖಂಡಿತವೇ ಎಂದು ಕೇಳಲು ಫೋನ್ ಮಾಡಿದ್ದಳು. ಅತ್ತೆ ದಿನಕ್ಕೆ ಹತ್ತು ಸಲ ಕೇಳುತ್ತಾರಂತೆ. ಅವರು ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಹೇಳಿಕೊಟ್ಟವರು. ಪಾರ್ಶ್ವವಾಯು ಬಡಿದ ಮೇಲೆ ಅವರ ಮಾತು ಚೂರುಚೂರಾಗಿ ಬರುತ್ತಿತ್ತು, 'ನೀರು' ಎನ್ನಲು ಅರ್ಧ ನಿಮಿಷ. ಪದ್ಯ ಮಾತ್ರ ಎಡವದೆ, ಯತಿ ತಪ್ಪದೆ, ಒಂದೇ ಉಸಿರಿನಲ್ಲಿ ಹರಿಯುತ್ತಿತ್ತು. ಅದು ಚಿತ್ರದಲ್ಲಿದೆ. ಅದನ್ನು ಅವರು ಕೇಳಬೇಕು. ಟೀವಿಯನ್ನು ಮಂಚದ ಕಾಲ್ದೆಸೆಗೆ ಸರಿಸಿದ್ದಾಯಿತು, ಅಕ್ಕಪಕ್ಕದವರು ಬರುತ್ತಾರೆಂದು ಕುರ್ಚಿಗಳನ್ನೂ ಕೇಳಿ ಇಟ್ಟಿದ್ದಾಯಿತು.

"ಸೌಂಡು ಜೋರಾಗಿಡಬೇಕಾ ಅಂತ ಕೇಳ್ತಿದಾರೆ ಅಣ್ಣ. ಅತ್ತೇ, ನಿಮ್ಮ ಕಿವಿ ಆ ಅಣ್ಣನ ಕಿವಿಗಿಂತ ಚುರುಕು, ಸುಮ್ನಿರಿ ಅಂದೆ" ಎಂದು ನಕ್ಕಳು.

ಅವನು ಹೂಂ ಎಂದ. ಫೋನ್ ಇಟ್ಟ ಮೇಲೂ ಅರ್ಧ ಸುತ್ತಿದ ವೈರು ಕೈಯಲ್ಲೇ ಇತ್ತು. ಅವಳಿಗೆ ಗೊತ್ತಿಲ್ಲದ್ದೊಂದು ಆ ಚಿತ್ರದಲ್ಲಿತ್ತು.

ಚಿತ್ರೀಕರಣದ ಹದಿನಾರನೆಯ ದಿನ ಅದು. ಊಟವಾದ ಮೇಲೆ ಕ್ಯಾಮೆರಾ ಮಲಗಿದ್ದ ಅತ್ತೆಯ ಮುಖದ ಮೇಲಿತ್ತು. ಹೊಲಿಗೆಯಕ್ಕ ಒಗೆದ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಹಿಂದಿನ ಬಾಲ್ಕನಿಗೆ ಹೋದಳು. ಅವಳ ಕುಪ್ಪಸದ ಅಂಚಿಗೆ ಸಿಕ್ಕಿಸಿದ್ದ ಗುಂಡಿಯಷ್ಟು ಚಿಕ್ಕ ಮೈಕು ಅವಳ ಜೊತೆಗೇ ಹೋಯಿತು. ಒತ್ತಿಕೊಂಡೇ ಇದ್ದ ಬಾಲ್ಕನಿಯಲ್ಲಿ ಪಕ್ಕದಮನೆಯ ಗೆಳತಿ ಸಿಕ್ಕಳು. ಬಟ್ಟೆ ಕೊಡವುತ್ತ, ದನಿ ತಗ್ಗಿಸಿ, ಹೊಲಿಗೆಯಕ್ಕ ಆಡಿದ ಮಾತು ಹೆಡ್‌ಫೋನಿನಲ್ಲಿ ಅವನ ಕಿವಿಗೆ ಬಿತ್ತು.

"ನೋಡೇ, ಯಾರಿಗೂ ಹೇಳಬೇಡ. ಬೆಳಿಗ್ಗೆ ಎದ್ದ ತಕ್ಷಣ ಅತ್ತೆಯ ಉಸಿರಿನ ಸದ್ದು ಕೇಳುತ್ತಲ್ಲ, ಒಂದೊಂದು ದಿನ, ಅಯ್ಯೋ, ಇವತ್ತೂ ಇದೆಯಲ್ಲ ಅನ್ನಿಸಿಬಿಡುತ್ತೆ."

ಅವನಿಗೆ ಕೆಲಸ ಕಲಿಸಿದ ಹಿರಿಯರು ಒಂದು ಕಟ್ಟುಪಾಡು ಹಾಕಿಕೊಟ್ಟಿದ್ದರು: ಚೌಕಟ್ಟು ಬಿಟ್ಟು ಹೋದವರ ಮಾತು ನಿನ್ನದಲ್ಲ, ಕೈ ಗುಂಡಿಯ ಮೇಲಿರಲಿ, ದನಿ ಇಳಿಸಿಬಿಡು. ಎಷ್ಟೋ ಮನೆಗಳಲ್ಲಿ ಎಷ್ಟೋ ಜಗಳಗಳನ್ನು ಅವನು ಹಾಗೆ ಇಳಿಸಿಬಿಟ್ಟಿದ್ದ. ಅವತ್ತು ಅವನ ಕೈ ಗುಂಡಿಯ ಮೇಲೇ ಇತ್ತು. ಆದರೆ ಕೈ ಅದನ್ನು ದನಿ ಏರುವ ಕಡೆಗೆ ತಿರುಗಿಸಿತು.

ನಿರ್ದೇಶಕಿ ಆ ಮಾತನ್ನು ಅತ್ತೆಯ ನಿದ್ದೆಯ ಮುಖದ ಮೇಲೇ ಇಟ್ಟಳು. ಏರಿಳಿಯುವ ಹೊದಿಕೆ, ಅದರ ಮೇಲೆ ಆ ಪಿಸುದನಿ. ಹನ್ನೊಂದು ಸೆಕೆಂಡು. ಚಿತ್ರೋತ್ಸವದಲ್ಲಿ ಆರುನೂರು ಜನ ತುಂಬಿದ ಸಭಾಂಗಣ ಆ ಹನ್ನೊಂದು ಸೆಕೆಂಡು ಉಸಿರು ಬಿಗಿಹಿಡಿದಿತ್ತು, ಆಮೇಲೆ ಅಲ್ಲಲ್ಲಿ ಮೂಗು ಒರೆಸಿಕೊಳ್ಳುವ ಸದ್ದು. ಚಿತ್ರಕ್ಕೆ ಬಹುಮಾನ ಬಂತು, ಧ್ವನಿಗೆ ಬೇರೆಯದೇ ಒಂದು ಬಂತು. ತೀರ್ಪುಗಾರರು ವೇದಿಕೆಯ ಮೇಲೆ, ಮನೆಯ ಒಳಮಾತನ್ನು ಆಲಿಸಬಲ್ಲ ಕಿವಿ ಎಂದು ಹೊಗಳಿದರು. ಚಪ್ಪಾಳೆಯ ನಡುವೆ ಅವನಿಗೆ, ಕದ್ದ ಮಾಲನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಹೋದಂತಾಗಿತ್ತು. ಅತ್ತೆಯನ್ನು ಬಿಟ್ಟು ಬರಲಾಗದೆ ಹೊಲಿಗೆಯಕ್ಕ ಉತ್ಸವಕ್ಕೆ ಬಂದಿರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು ಎಂದು ಅವನು ಅಂದು ಸಮಾಧಾನಪಟ್ಟುಕೊಂಡಿದ್ದ. ಆ ಸಮಾಧಾನವೇ ಈಗ ಅವನನ್ನು ಕುಟುಕುತ್ತಿತ್ತು.

ಮಧ್ಯಾಹ್ನ ಅವನು ನಿರ್ದೇಶಕಿಯ ಸಂಕಲನದ ಕೋಣೆಗೆ ಹೋದ. ಅವಳು ಟೀವಿಯವರಿಗೆ ಕೊಡಬೇಕಾದ ಪ್ರತಿಗೆ ಕೊನೆಯ ಕೈ ಹಾಕುತ್ತಿದ್ದಳು. ಆ ಹನ್ನೊಂದು ಸೆಕೆಂಡು ತೆಗೆಯೋಣ ಎಂದ. ಅವಳು ಕುರ್ಚಿ ತಿರುಗಿಸಿ ಅವನನ್ನೇ ನೋಡಿದಳು. ಅದಕ್ಕೇ ಅಲ್ಲವೇ ನಿನಗೆ ಬಹುಮಾನ ಬಂದದ್ದು ಎಂದಳು. ಅವರು ಸಹಿ ಹಾಕಿ ಒಪ್ಪಿಗೆ ಕೊಟ್ಟಿದ್ದಾರೆ, ಆ ಕಾಗದದಲ್ಲಿ ದೃಶ್ಯ ಮತ್ತು ಧ್ವನಿ ಎರಡೂ ಇದೆ ಎಂದಳು.

"ಮೈಕು ಮೈಮೇಲಿದೆ ಅನ್ನೋದೇ ಅವರಿಗೆ ಮರೆತುಹೋಗಿತ್ತು ಮೇಡಂ."

"ಮರೆಸೋದೇ ನಮ್ಮ ಕೆಲಸ ಅಲ್ವಾ ಕಿವಿ? ನೆನಪಿದ್ದಾಗ ಯಾರು ನಿಜ ಮಾತಾಡ್ತಾರೆ?"

ನಿರ್ದೇಶಕಿ ಪರದೆಯ ಮೇಲೆ ನಿಂತುಹೋಗಿದ್ದ ಮುದುಕಿಯ ಮುಖ ನೋಡುತ್ತ ಹೇಳಿದಳು. "ನಮ್ಮಪ್ಪ ಎರಡು ವರ್ಷ ಮಲಗಿದ್ರು. ನಾನೂ ಹಾಗೇ ಅಂದುಕೊಂಡಿದ್ದೆ, ದಿನಾ. ನಾನೊಬ್ಬಳೇ ಪಾಪಿ ಅಂತ ತಿಳಿದಿದ್ದೆ. ಇವರ ಮಾತು ಕೇಳಿದ ದಿನ ನನ್ನ ಎದೆ ಮೇಲಿನ ಕಲ್ಲು ಇಳೀತು. ನನ್ನಂಥೋರು ಎಷ್ಟು ಜನ ಇದಾರೋ, ಅವರೂ ಕೇಳಬಾರದಾ?"

"ಕಲ್ಲು ಇಳೀತು, ಸರಿ. ಇಳಿಸಿದ್ದು ಎಲ್ಲಿಗೆ ಮೇಡಂ? ಅವರ ಎದೆ ಮೇಲೆ."

ಕೊನೆಗೆ ನಿರ್ದೇಶಕಿ, ಗುರುವಾರ ಮಧ್ಯಾಹ್ನದೊಳಗೆ ಪ್ರತಿ ಕೊಡಬೇಕು, ಅಷ್ಟರಲ್ಲಿ ಹೋಗಿ ಅವರನ್ನೇ ಕೇಳಿಕೊಂಡು ಬಾ, ಬೇಡ ಎಂದರೆ ತೆಗೆಯುತ್ತೇನೆ ಎಂದಳು. ನೀವೂ ಬನ್ನಿ ಎಂದ. ಅವಳು ಇಲ್ಲವೆಂದು ತಲೆಯಾಡಿಸಿದಳು. ತನ್ನಿಂದ ಆ ಮುಖ ನೋಡಲಾಗದು ಎಂದಳು.

ಮರುದಿನ ಅವನು ಹೋದ. ಮೂರನೆಯ ಮಹಡಿ, ಲಿಫ್ಟಿಲ್ಲ. ಒಂದೊಂದು ಮೆಟ್ಟಿಲಿಗೂ ಅವನ ಮನಸ್ಸು ಒಂದೇ ಜಪ ಮಾಡುತ್ತಿತ್ತು: ಇರಲಿ ಬಿಡಿ ಅಣ್ಣ ಅನ್ನಲಿ, ಇರಲಿ ಬಿಡಿ ಅಣ್ಣ ಅನ್ನಲಿ. ಹಾಗಂದರೆ ಅವಳ ಪಾಲಿಗೆ ಏನಾಗುತ್ತದೆ ಎಂದಲ್ಲ, ತನ್ನ ಪಾಲಿಗೆ ಹಗುರಾಗುತ್ತದೆ ಎಂದು. ಅದು ತನಗೇ ತಿಳಿದು ಇನ್ನೂ ಕುಗ್ಗಿದ.

ಅತ್ತೆ ದಿಂಬಿಗೆ ಒರಗಿದ್ದರು. ಸ್ವಾಧೀನವಿದ್ದ ಎಡಗೈ ಎತ್ತಿ ಬಾ ಎಂದರು. ಅವನು ಅವರ ಯೋಗಕ್ಷೇಮ ವಿಚಾರಿಸಿ, ಹೊಲಿಗೆಯಕ್ಕನನ್ನು ಹಿಂದಿನ ಬಾಲ್ಕನಿಗೆ ಕರೆದ. ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಸುಮ್ಮನೆ ಹೆಡ್‌ಫೋನನ್ನು ಅವಳ ಕೈಗೆ ಕೊಟ್ಟು, ಜೊತೆಗೆ ತಂದಿದ್ದ ಧ್ವನಿಯಂತ್ರದ ಗುಂಡಿ ಒತ್ತಿದ.

ಹನ್ನೊಂದು ಸೆಕೆಂಡು ಮುಗಿದ ಮೇಲೂ ಅವಳು ಹೆಡ್‌ಫೋನ್ ತೆಗೆಯಲಿಲ್ಲ. ಬಟ್ಟೆ ಹಾಕುವ ತಂತಿಯನ್ನು ಹಿಡಿದು ನಿಂತಿದ್ದಳು.

"ಇದು ಸಿನಿಮಾದಲ್ಲಿದೆಯಾ?"

"ಇದೆ."

"ಎಷ್ಟು ಜನ ನೋಡಿದಾರೆ?"

"ಆರುನೂರು ಇರಬಹುದು."

"ಆರುನೂರು ಜನಕ್ಕೆ ಗೊತ್ತು. ಮಂಚದ ಮೇಲಿರೋರಿಗೆ ಗೊತ್ತಿಲ್ಲ."

ಯಾರೂ ನಿಮ್ಮನ್ನು ಬೈಯಲಿಲ್ಲ, ಎಲ್ಲರೂ ಅತ್ತರು, ತಮ್ಮದೇ ಮನಸ್ಸು ಅಂದುಕೊಂಡರು ಎಂದು ಅವನು ತಡವರಿಸಿದ. ಅವಳು ದನಿ ಏರಿಸಲಿಲ್ಲ. "ಅವರು ಅತ್ತರೆ ನನಗೇನು ಬಂತಣ್ಣ? ಅತ್ತು ಅವರವರ ಮನೆಗೆ ಹೋದರು. ನಾನು ಈ ಮನೇಲಿರೋಳು." ಹೆಡ್‌ಫೋನನ್ನು ಮೆಲ್ಲಗೆ ತೆಗೆದು ಅವನ ಕೈಗಿಟ್ಟಳು. "ಅವತ್ತು ಇದು ನಿಮ್ಮ ಕಿವಿಗೆ ಬಿತ್ತಾ, ಇಲ್ಲ ನೀವೇ ಕೇಳಿದ್ರಾ?"

ಸುಳ್ಳು ಹೇಳಲು ಜಾಗವಿತ್ತು. ಅವನು ಹೇಳಲಿಲ್ಲ. "ಇಳಿಸಬೇಕಾಗಿತ್ತು ಅಕ್ಕ. ಜೋರು ಮಾಡಿಕೊಂಡು ಕೇಳಿದೆ."

"ಅವತ್ತು ನಿಮಗೆ ಊಟ ಬಡಿಸಿದ್ದೆನಲ್ಲ" ಎಂದಳು ಅವಳು.

ಅಷ್ಟೇ. ಅದಕ್ಕಿಂತ ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ನಿಮ್ಮ ಒಂದು ಮಾತಿನ ಮೇಲಿದೆ, ಬೇಡ ಎಂದರೆ ತೆಗೆದುಬಿಡುತ್ತೇವೆ ಎಂದ. ಅವಳು ತಂತಿಯ ಮೇಲಿನ ಟವೆಲ್ಲನ್ನು ಎಳೆದು, ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ತೆಗೆದರೂ ಆರುನೂರು ಜನ ಇದ್ದೇ ಇರುತ್ತಾರೆ, ಇವತ್ತಲ್ಲ ನಾಳೆ ಯಾರೋ ಒಬ್ಬರು ಬಾಯಿ ಬಿಡುತ್ತಾರೆ ಎಂದಳು. "ಬೇರೆಯವರ ಬಾಯಲ್ಲಿ ಕೇಳೋದಕ್ಕಿಂತ ನನ್ನ ಬಾಯಲ್ಲೇ ಕೇಳಲಿ. ನೀವು ಕೆಳಗೆ ಹೋಗಿ. ಮೆಟ್ಟಿಲ ಮೇಲೆ ನಿಲ್ಲಬೇಡಿ."

ಅವನು ಇಳಿದ. ಬೀದಿಗೆ ಬಂದ. ಮೇಲೆ ಅವಳ ಮನೆಯ ಕಿಟಕಿ ತೆರೆದೇ ಇತ್ತು. ಕುರ್ಚಿ ಎಳೆದು ಮಂಚದ ಬಳಿ ಹಾಕಿದ ಸದ್ದು ಕೇಳಿಸಿತು. ಬೇರೆಯವರಿಗಾದರೆ ಕೇಳಿಸುತ್ತಿರಲಿಲ್ಲ. ಅವನು ಬಿರಬಿರನೆ ನಡೆದು ಮೂಲೆಯ ಬೀಗದ ಕೈ ಮಾಡುವವನ ಗೂಡಂಗಡಿಯ ಪಕ್ಕ ನಿಂತ. ಅಲ್ಲಿ ಚಕ್ರಕ್ಕೆ ಕಬ್ಬಿಣ ಕೊಟ್ಟು ಉಜ್ಜುವ ಕರ್ಕಶ ಸದ್ದು ಹಲ್ಲು ಜುಮ್ಮೆನ್ನಿಸುವಂತಿತ್ತು. ಹತ್ತಿಯಿಟ್ಟು ಕಾಪಾಡಿಕೊಂಡು ಬಂದ ಕಿವಿಗಳನ್ನು ಆ ಸದ್ದಿಗೊಡ್ಡಿ ಅವನು ನಿಂತೇ ಇದ್ದ.

ಏನು ಬೇಕು ಎಂದು ಅಂಗಡಿಯವನು ಕೇಳಿದ. ಏನೂ ಬೇಡ, ಸ್ವಲ್ಪ ಹೊತ್ತು ಇಲ್ಲಿ ನಿಂತಿರುತ್ತೇನೆ ಎಂದ.

"ಈ ಸದ್ದಿಗೆ ನನ್ನ ಹೆಂಡತಿ ಊಟದ ಡಬ್ಬಿ ಅಲ್ಲಿಂದಲೇ ಎಸೆದು ಹೋಗ್ತಾಳೆ. ನಿಲ್ಲೋಕೆ ಅಂತ ಬಂದವರು ನೀವೇ ಮೊದಲು ಸಾರ್."

ಅರ್ಧ ಗಂಟೆಯ ಮೇಲಾಗಿರಬೇಕು. ಹೊಲಿಗೆಯಕ್ಕ ತಾನೇ ಇಳಿದು ಬಂದಳು. ಕಣ್ಣು ಕೆಂಪಾಗಿತ್ತು, ತಲೆಗೂದಲು ಒಂದು ಕಡೆ ಕೆದರಿತ್ತು, ಯಾರೋ ಒರಟಾಗಿ ನೇವರಿಸಿದಂತೆಯೋ ಹಿಡಿದೆಳೆದಂತೆಯೋ. ಅಂಗಡಿಯವನು ಚಕ್ರ ನಿಲ್ಲಿಸಿದ.

"ಆ ಮಾತು ತೆಗೆದುಬಿಡಿ. ಸುಳ್ಳು ಅಂತ ಅಲ್ಲ. ಅದು ಅವರಿಗೆ ಸೇರಿದ ಮಾತು, ಅವರಿಗೆ ಮುಟ್ಟಿಸಿದೆ. ಪದ್ಯ ಇರಲಿ."

ಅವರು ಏನೆಂದರು ಎಂಬ ಪ್ರಶ್ನೆ ಅವನ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅವನ ಮುಖ ನೋಡಿದಳು. ಅವನು ಅದನ್ನು ನುಂಗಿಕೊಂಡ.

ಬುಧವಾರ ನಿರ್ದೇಶಕಿಯ ಪಕ್ಕ ಕೂತು ಅವನೇ ಆ ಹನ್ನೊಂದು ಸೆಕೆಂಡಿನ ಮಾತನ್ನು ಕತ್ತರಿಸಿದ. ಯಾವ ಮನೆಗೆ ಹೋದರೂ ಎಲ್ಲರನ್ನೂ ಸುಮ್ಮನಿರಿಸಿ ಆ ಕೋಣೆಯ ಬರಿಯ ಮೌನವನ್ನು ಒಂದು ನಿಮಿಷ ಹಿಡಿದಿಟ್ಟುಕೊಳ್ಳುವುದು ಅವರ ಕಸುಬಿನ ಪದ್ಧತಿ. ಖಾಲಿಯಾದ ಜಾಗಕ್ಕೆ ಅದನ್ನೇ ತುಂಬಿದ: ಫ್ಯಾನಿನ ಗುಯ್‌ಗುಟ್ಟುವಿಕೆ, ದೂರದ ಒಂದು ಹಾರ್ನು, ಮುದುಕಿಯ ಉಸಿರು. ನಿರ್ದೇಶಕಿ ಎರಡು ಸಲ ನೋಡಿದಳು. ಚಿತ್ರ ಬಡವಾಯಿತು ಎಂದಳು. ಆಮೇಲೆ ತಾನಾಗಿಯೇ, ಚಿತ್ರವನ್ನು ಒಪ್ಪಿಕೊಂಡಿದ್ದ ಇನ್ನೆರಡು ಚಿತ್ರೋತ್ಸವಗಳಿಗೆ, ಹಳೆಯ ಪ್ರತಿ ತೋರಿಸಬೇಡಿ, ಹೊಸದು ಕಳಿಸುತ್ತೇವೆ ಎಂದು ಬರೆದಳು.

ಅವನು ತನ್ನ ಬಹುಮಾನವನ್ನು ಹಿಂದಿರುಗಿಸುತ್ತೇನೆ ಎಂದ. ರಾತ್ರಿಯೆಲ್ಲ ಯೋಚಿಸಿ ಅದೊಂದೇ ದಾರಿ ಎಂದು ಗಟ್ಟಿಮಾಡಿಕೊಂಡು ಬಂದಿದ್ದ.

"ಹಿಂದಿರುಗಿಸಿದರೆ ಯಾಕೆ ಅಂತ ಬರೀಬೇಕಾಗುತ್ತೆ" ಎಂದಳು ನಿರ್ದೇಶಕಿ. "ಬರೆದರೆ, ಅವರ ಮಾತನ್ನ ನಾವೇ ಇನ್ನೊಂದು ಸಲ ಊರಿಗೆಲ್ಲ ಹೇಳಿದ ಹಾಗೆ. ಇಟ್ಟುಕೋ ಕಿವಿ. ನಿನಗೆ ಅದೇ ಶಿಕ್ಷೆ. ನನಗೂ."

ಭಾನುವಾರ ಚಿತ್ರ ಬಂತು. ಅತ್ತೆಯ ಪದ್ಯ ಇಡಿಯಾಗಿ ಬಂತು. ಅವನು ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದ. ಹೊಲಿಗೆಯಕ್ಕ ಫೋನ್ ಮಾಡಲಿಲ್ಲ. ಮುಂದಿನ ವಾರವೂ ಮಾಡಲಿಲ್ಲ. ತಾನೇ ಮಾಡುವ ಹಕ್ಕು ತನಗಿದೆಯೆಂದು ಅವನಿಗೆ ತೋರಲಿಲ್ಲ.

ಎರಡು ತಿಂಗಳ ಮೇಲೆ ಇನ್ನೊಂದು ಚಿತ್ರೋತ್ಸವ. ಬಿಡುವಿನಲ್ಲಿ ಟೀಗೆ ಸಾಲು ನಿಂತಿದ್ದಾಗ, ಅವನ ಕೈಕೆಳಗೆ ಕೆಲಸ ಕಲಿತು ಈಗ ದೊಡ್ಡ ಹೆಸರು ಮಾಡಿದ್ದ ಧ್ವನಿಗ್ರಾಹಕನೊಬ್ಬ ಹೆಗಲ ಮೇಲೆ ಕೈ ಹಾಕಿದ. ಸಾಲಿನಲ್ಲಿದ್ದವರೆಲ್ಲ ಕಸುಬಿನವರೇ, ಎಲ್ಲರ ಕಿವಿಯೂ ಇತ್ತ ತಿರುಗಿತು.

"ಏನು ಗುರುಗಳೇ, ಆ ಪಿಸುಮಾತು ಎಲ್ಲಿ ಹೋಯ್ತು? ಟೀವೀಲಿ ನೋಡಿದೆ, ಇವತ್ತು ಇಲ್ಲೂ ನೋಡಿದೆ, ಎರಡರಲ್ಲೂ ಇಲ್ಲ. ಇಡೀ ಸಿನಿಮಾದ ಜೀವ ಅದು. ನಾವೆಲ್ಲ ನಮ್ಮ ಹುಡುಗರಿಗೆ ಅದನ್ನೇ ಉದಾಹರಣೆ ಕೊಡ್ತಿದ್ವಿ."

ಟೀವಿಯವರು ಕತ್ತರಿಸಿದರು ಎನ್ನಬಹುದಿತ್ತು. ನಿರ್ದೇಶಕಿಯ ತೀರ್ಮಾನ ಎನ್ನಬಹುದಿತ್ತು. ಅವನು ಎರಡನ್ನೂ ಅನ್ನಲಿಲ್ಲ.

"ಅಲ್ಲಿ ನನ್ನ ಕೆಲಸದಲ್ಲಿ ತಪ್ಪಾಗಿತ್ತು" ಎಂದ. "ತಿದ್ದಿದೆ. ನಿಮ್ಮ ಹುಡುಗರಿಗೆ ಅದನ್ನ ಕಲಿಸಬೇಡಿ."

ಶಿಷ್ಯ ಅವನನ್ನೇ ದಿಟ್ಟಿಸಿದ. ವಯಸ್ಸಾಯಿತು, ಕಿವಿ ಮಂಕಾಗುತ್ತಿದೆ ಎಂಬ ಮರುಕ ಅವನ ಕಣ್ಣಿನಲ್ಲಿ ಮೂಡಿದ್ದು ಎಲ್ಲರಿಗೂ ಕಾಣಿಸುವಂತಿತ್ತು. ಸಾಲಿನಲ್ಲಿ ಯಾರೋ ಮೆಲ್ಲಗೆ ಏನೋ ಅಂದರು, ಇನ್ನೊಬ್ಬರು ನಕ್ಕರು. ಅವನು ತನ್ನ ಟೀ ತೆಗೆದುಕೊಂಡು, ಆ ಮಾತು ಕಿವಿಗೆ ಬೀಳದಷ್ಟು ದೂರ ಹೋಗಿ ನಿಂತ.